ಬೆವೆಲ್ ಚಪ್ಪಟೆ ಬರುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಹತ್ತಿರ 2 ಇಂಚು ಅಗಲ, 72 ಇಂಚು ಉದ್ದದ ಬೆಲ್ಟ್ ಹಾಕುವ ಗ್ರೈಂಡರ್ ಇದೆ. ಇದುವರೆಗೆ ಆರು ಚಾಕು ಮಾಡಿದ್ದೇನೆ. 4 ಮಿ.ಮೀ. ದಪ್ಪದ ಪಟ್ಟಿ, ಬೆವೆಲ್ (ಬಾಯಿಯ ಕಡೆಗೆ ತೆಳುವಾಗುತ್ತಾ ಇಳಿಯುವ ಇಳಿಜಾರು) ಎತ್ತರ 20 ಮಿ.ಮೀ. ಒಂದರಲ್ಲೂ ಬೆವೆಲ್ ಚಪ್ಪಟೆ ಬಂದಿಲ್ಲ. ಬೆಳಕಿಗೆ ಹಿಡಿದರೆ ಮೂರು ನಾಲ್ಕು ಮುಖ ಕಾಣುತ್ತವೆ, ಒಟ್ಟಾರೆ ಹೊಟ್ಟೆ ಉಬ್ಬಿದ ಹಾಗೆ. ತುದಿ ಬೇರೆ ತೆಳುವಾಗಿಬಿಡುತ್ತದೆ. ಕೈ ಅಲುಗಾಡಬಾರದು ಅಂತ ಉಸಿರು ಬಿಗಿಹಿಡಿದು ಮಾಡಿದರೂ ಅಷ್ಟೆ. ಜಿಗ್ (ಅಲಗನ್ನು ಒಂದೇ ಕೋನದಲ್ಲಿ ಹಿಡಿದಿಡುವ ಸಾಧನ) ಮಾಡಿಕೊಳ್ಳಲೇಬೇಕಾ?

ಉತ್ತರ: ಮೊದಲು ಉಸಿರು ಬಿಡಿ. ಬಿಗಿಹಿಡಿದಷ್ಟೂ ಕೈ ಜಾಸ್ತಿ ನಡುಗುತ್ತದೆ.

ನಿಮ್ಮ ಅಳತೆಯನ್ನೇ ಲೆಕ್ಕ ಹಾಕೋಣ. ಹದ ಹಾಕುವ, ಅಂದರೆ ಉಕ್ಕನ್ನು ಕಾಸಿ ಗಟ್ಟಿ ಮಾಡುವ ಮೊದಲು ಬಾಯಿಯಲ್ಲಿ (ಕತ್ತರಿಸುವ ಅಂಚಿನಲ್ಲಿ) 0.5 ಮಿ.ಮೀ. ದಪ್ಪ ಉಳಿಸುತ್ತೀರಿ ಅಂದುಕೊಳ್ಳಿ. ಆಗ ಒಂದೊಂದು ಬದಿಯಿಂದ 1.75 ಮಿ.ಮೀ. ತೆಗೆಯಬೇಕು, ಅದೂ 20 ಮಿ.ಮೀ. ಎತ್ತರದಲ್ಲಿ. ಅಂದರೆ ಬೆವೆಲ್ ಕೋನ ಸುಮಾರು 5 ಡಿಗ್ರಿ. ಇದರಲ್ಲಿ ಒಂದೇ ಒಂದು ಡಿಗ್ರಿ ಆಚೀಚೆ ಆದರೆ ಬಾಯಿಯ ಹತ್ತಿರ 0.35 ಮಿ.ಮೀ. ವ್ಯತ್ಯಾಸ ಬರುತ್ತದೆ. ಕಣ್ಣಿಗೆ ಕಾಣದ ಅಲುಗಾಟಕ್ಕೆ ಕಣ್ಣಿಗೆ ರಾಚುವ ಮುಖ! ಒಂದು ಡಿಗ್ರಿಯನ್ನು ಮಣಿಕಟ್ಟಿನಲ್ಲಿ ಹಿಡಿದಿಡುವುದು ಯಾರಿಂದಲೂ ಆಗದ ಕೆಲಸ. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿಕೊಳ್ಳಿ. ಕಾಲು ಅಗಲಿಸಿ ನಿಂತು, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಜಾರಿಸಿ. ಅಲಗು ತಾನಾಗಿ ಬೆಲ್ಟಿನ ಮೇಲೆ ಅಡ್ಡಕ್ಕೆ ಸರಿಯುತ್ತದೆ.

ಆದರೆ ನಿಜವಾದ ಕಳ್ಳ ಇರುವುದು ಬೇರೆ ಕಡೆ. ನಾನು ಕಂಡ ಹಾಗೆ ಹೆಚ್ಚಿನ ಮುಖಗಳು ಹುಟ್ಟುವುದು ಅಲಗು ಓಡುವಾಗ ಅಲ್ಲ, ಅದನ್ನು ಬೆಲ್ಟಿಗೆ ತಾಗಿಸುವಾಗ ಮತ್ತು ಬೆಲ್ಟಿನಿಂದ ತೆಗೆಯುವಾಗ. ನೀರಿಗೆ ಅದ್ದಿ ವಾಪಸ್ ಬರುತ್ತೀರಿ, ಸ್ವಲ್ಪ ಬೇರೆ ಕೋನದಲ್ಲಿ ತಾಗಿಸುತ್ತೀರಿ, ಒತ್ತುತ್ತೀರಿ. ಆಯಿತು, ಹೊಸ ಮುಖ. ಅದಕ್ಕೇ ತಾಗಿಸುವಾಗ ಒತ್ತಲೇಬೇಡಿ. ಬೆಲ್ಟಿನ ಹಿಂದೆ ಆಸರೆಯಾಗಿ ಇರುವ ಫಲಕ, ಅಂದರೆ ಪ್ಲೇಟನ್, ಚಪ್ಪಟೆ, ಈಗಾಗಲೇ ಮಾಡಿದ ಬೆವೆಲ್ ಸ್ವಲ್ಪವಾದರೂ ಚಪ್ಪಟೆ. ಎರಡೂ ಒಂದಕ್ಕೊಂದು ಕೂತುಕೊಳ್ಳಲಿ. ಕೂತಾಗ ಬೆರಳಿಗೆ ಗೊತ್ತಾಗುತ್ತದೆ, ಸದ್ದೂ ಬದಲಾಗುತ್ತದೆ. ಆಮೇಲೆ ಒತ್ತಿ. ತೆಗೆಯುವಾಗಲೂ ಹಾಗೆ: ಮೊದಲು ಒತ್ತಡ ಬಿಡಿ, ಆಮೇಲೆ ನೇರ ಹಿಂದಕ್ಕೆ ಎಳೆಯಿರಿ. ಮೋಟರ್ ನಿಲ್ಲಿಸಿ, ಬರೀ ನಿಂತ ಬೆಲ್ಟಿಗೆ ಇದನ್ನು ಇಪ್ಪತ್ತು ಸಲ ಮಾಡಿ ನೋಡಿ. ಹುಚ್ಚಾಟ ಅನ್ನಿಸಬಹುದು, ಆದರೆ ಉಪಯೋಗ ಇದೆ.

ಶುರು ಮಾಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಬಾಯಿಯ ಮೇಲೆ ಮಾರ್ಕರ್ ಬಳಿದು ನಟ್ಟನಡುವೆ ಗೆರೆ ಕೆತ್ತಿ. ಅಲಗಿನಷ್ಟೇ ದಪ್ಪದ ಡ್ರಿಲ್ ಬಿಟ್ ತೆಗೆದುಕೊಂಡು, ಎರಡನ್ನೂ ಸಮತಟ್ಟಾದ ಜಾಗದಲ್ಲಿ ಮಲಗಿಸಿ ಅದರ ಮೊನೆಯಿಂದ ಗೀರಿದರೆ ಸಾಕು, ನಡು ಸಿಕ್ಕುತ್ತದೆ. ಆಮೇಲೆ ಹಳೆಯ, ಸವೆದ ಬೆಲ್ಟಿನಲ್ಲಿ ಬಾಯಿಯ ಎರಡೂ ಮೂಲೆಗಳನ್ನು 45 ಡಿಗ್ರಿಗೆ ಮುರಿಯಿರಿ. ಹೊಸ ಬೆಲ್ಟಿಗೆ ನೇರವಾಗಿ ಚೂಪು ಮೂಲೆ ಕೊಟ್ಟರೆ ಅದರ ಕಾಳೆಲ್ಲ ಕಿತ್ತುಹೋಗುತ್ತದೆ. ಈಗ ಹೊಸ 36 ಗ್ರಿಟ್ ಬೆಲ್ಟ್ ಹಾಕಿ (ಗ್ರಿಟ್ ಅಂಕಿ ಚಿಕ್ಕದಾದಷ್ಟೂ ಕಾಳು ದಪ್ಪ). ಒತ್ತಡ ಬಾಯಿಯ ಕಡೆ ಇದ್ದರೆ ಬಾಯಿ ತೆಳುವಾಗುತ್ತದೆ, ಬೆನ್ನಿನ ಕಡೆ ಇದ್ದರೆ ಬೆವೆಲ್ ಮೇಲೆ ಹತ್ತುತ್ತದೆ. ಹೆಬ್ಬೆರಳಿನ ಜಾಗ ಒಂದಿಷ್ಟು ಬದಲಿಸಿದರೆ ಸಾಕು, ಕೋನವನ್ನು ನೀವಾಗಿ ತಿರುಗಿಸಬೇಕಿಲ್ಲ.

36ರಲ್ಲಿ ಒಂದೆರಡು ಮುಖ ಕಂಡರೆ ಹೆದರಬೇಡಿ. ಆದರೆ ಅವೆಲ್ಲ ಸೇರಿ ಒಂದೇ ಮುಖ ಆಗುವ ತನಕ 60ಕ್ಕೆ ಹೋಗಬೇಡಿ. 120ರಲ್ಲಿ ಸರಿ ಮಾಡಿಕೊಳ್ಳೋಣ ಅಂತ ಮುಂದೆ ಹೋದವರು ಉಬ್ಬನ್ನು ಪಾಲಿಷ್ ಮಾಡುತ್ತಾರೆ ಅಷ್ಟೆ. ಹಾಗೇ ಮೊಂಡಾದ ಬೆಲ್ಟನ್ನು ಜಿಪುಣತನದಿಂದ ಎಳೆಯಬೇಡಿ. ಅದು ಕತ್ತರಿಸುವುದಿಲ್ಲ, ಜಾರುತ್ತದೆ. ನೀವು ಇನ್ನೂ ಜೋರಾಗಿ ಒತ್ತುತ್ತೀರಿ, ಅಲಗು ವಾಲುತ್ತದೆ.

ಇನ್ನೊಂದು. ಬೆಲ್ಟ್ ತೆಗೆದು, ಪ್ಲೇಟನ್ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ, ಹಿಂದಿನಿಂದ ಬೆಳಕು ಬಿಟ್ಟು ನೋಡಿದ್ದೀರಾ? ಇಲ್ಲದಿದ್ದರೆ ನೋಡಿ ಬನ್ನಿ. ಬೆಲ್ಟ್ ಸಡಿಲ ಇದೆಯಾ ಅಂತಲೂ ನೋಡಿ. ಸಡಿಲ ಬೆಲ್ಟ್ ಬಾಯಿಯ ಮುಂದೆ ಉಬ್ಬಿಕೊಂಡು ಅಂಚನ್ನು ದುಂಡಗೆ ಮಾಡುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಸ್ಕೇಲ್ ಇಟ್ಟು ನೋಡಿಲ್ಲ, ಇವತ್ತು ನೋಡುತ್ತೇನೆ. ತುದಿ ಯಾಕೆ ತೆಳುವಾಗುತ್ತದೆ?

ಉತ್ತರ: ಅಲಗಿನ ನಡುಭಾಗ ಬೆಲ್ಟಿನ ಪೂರ್ತಿ ಅಗಲಕ್ಕೆ ತಾಗಿರುತ್ತದೆ. ತುದಿ ಬರುವ ಹೊತ್ತಿಗೆ ತಾಗುವ ಜಾಗ ಕಡಿಮೆ, ಒತ್ತಡ ಮಾತ್ರ ಅಷ್ಟೇ. ಇನ್ನೇನಾಗುತ್ತದೆ, ಅಲ್ವಾ? ತುದಿ ಬೆಲ್ಟಿನ ಅರ್ಧ ದಾಟುವ ಮೊದಲೇ ಒತ್ತಡ ಇಳಿಸುತ್ತಾ ಬನ್ನಿ, ಪೂರ್ತಿ ಹೊರಗೆ ಎಳೆಯಬೇಡಿ. ಬಾಯಿ ಬಾಗುವ ಕಡೆ ಹಿಡಿಯನ್ನೂ ಜೊತೆಗೆ ತಿರುಗಿಸಬೇಕು. ಬೆಲ್ಟಿಗೆ ತಾಗಿದ ಜಾಗದಲ್ಲಿ ಬಾಯಿ ಯಾವಾಗಲೂ ಬೆಲ್ಟ್ ಓಡುವ ದಿಕ್ಕಿಗೆ ಅಡ್ಡವಾಗಿರಲಿ.

ಎಲ್ಲಿ ಎಷ್ಟು ಹೋಗುತ್ತಿದೆ ಅಂತ ತಿಳಿಯಲು ಬೆವೆಲ್ ಪೂರ್ತಿ ಮಾರ್ಕರ್ ಬಳಿದು, ಒಂದೇ ಸಲ ಹಗುರವಾಗಿ ಓಡಿಸಿ. ಬಣ್ಣ ಅಳಿಸಿದ ಜಾಗ ಉಬ್ಬು. ಉಳಿದದ್ದು ತಗ್ಗು. ಊಹೆ ಬೇಡ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಕಷ್ಟ ಯಾಕೆ ಸರ್? ಜಿಗ್ ಹಾಕಿದರೆ ಕೋನ ಅಲುಗಾಡುವುದೇ ಇಲ್ಲ. ನಾನು ಹಾಗೇ ಮಾಡುವುದು. ಮತ್ತೆ ಹದ ಹಾಕಿದ ಮೇಲೆ ಮಸೆದರೆ ಬಾಯಿ ನೀಲಿ ಆಗುತ್ತದೆ, ಅದಕ್ಕೇನು ಮಾಡುವುದು?

ಉತ್ತರ: ಜಿಗ್ ತಪ್ಪಲ್ಲ. ನಾನೂ ಒಂದು ವರ್ಷ ಅದರಲ್ಲೇ ಮಾಡಿದೆ. ಕೋನವನ್ನು ಅದು ಹಿಡಿದುಕೊಳ್ಳುತ್ತದೆ, ಆದರೆ ಒತ್ತಡವನ್ನು ಹಿಡಿಯುವುದು ನಿಮ್ಮ ಕೈಯೇ. ತುದಿ ಜಿಗ್‌ನಲ್ಲೂ ತೆಳುವಾಗುತ್ತದೆ. ಒಂದೇ ಅಳತೆಯ ಹತ್ತು ಚಾಕು ಬೇಕಿದ್ದರೆ ಜಿಗ್ ಬಳಸಿ. ಕಲಿಯುವುದಕ್ಕಾದರೆ ಬರಿಗೈ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ನೀಲಿ ಬಂದರೆ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಅಂತ. ಸಾದಾ ಕಾರ್ಬನ್ ಸ್ಟೀಲ್ ಚಾಕುವನ್ನು ಟೆಂಪರ್ ಮಾಡುವುದು (ಗಟ್ಟಿ ಮಾಡಿದ ಮೇಲೆ ಪೆಡಸುತನ ಇಳಿಸಲು ಮತ್ತೆ ಹಗುರಾಗಿ ಕಾಸುವುದು) 200ರ ಆಸುಪಾಸು. ಹಾಗಾಗಿ ನೀಲಿಯಾದ ಜಾಗದಲ್ಲಿ ಹದ ಹೋಯಿತು. ಬಣ್ಣ ಉಜ್ಜಿ ತೆಗೆದ ಮಾತ್ರಕ್ಕೆ ವಾಪಸ್ ಬರುವುದಿಲ್ಲ. ಮೋಟರ್ ವೇಗ ಇಳಿಸಿ, ಹೊಸ ಬೆಲ್ಟ್ ಹಾಕಿ, ಒಂದೊಂದು ಓಟಕ್ಕೂ ನೀರಿಗೆ ಅದ್ದಿ. ಕೈಗವಸು ಹಾಕಬೇಡಿ. ಬೆಲ್ಟ್ ಅದನ್ನು ಕಚ್ಚಿದರೆ ಬೆರಳೂ ಜೊತೆಗೆ ಹೋಗುತ್ತದೆ. ಮೇಲಾಗಿ ಬಿಸಿ ಮೊದಲು ಗೊತ್ತಾಗುವುದು ಬರಿ ಬೆರಳಿಗೇ. ಕನ್ನಡಕ, ಒಳ್ಳೆಯ ಧೂಳಿನ ಮಾಸ್ಕ್ ಮಾತ್ರ ಮರೆಯಬೇಡಿ.

ಪ್ರಶ್ನೆ ಕೇಳಿದವರು: ಸರ್, ಬೆಲ್ಟ್ ತೆಗೆದು ಸ್ಕೇಲ್ ಇಟ್ಟೆ. ನಡುವೆ ಬೆಳಕು ಚೆನ್ನಾಗಿಯೇ ಕಾಣುತ್ತದೆ. ಪ್ಲೇಟನ್ ಸವೆದು ತಗ್ಗಾಗಿದೆ. ಗ್ರೈಂಡರ್ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು.

ಉತ್ತರ: ಹಾಗಾದರೆ ಅರ್ಧ ತಪ್ಪು ನಿಮ್ಮದಲ್ಲ. ಪ್ಲೇಟನ್ ತಗ್ಗಾದರೆ ಬೆವೆಲ್ ಉಬ್ಬಲೇಬೇಕು. ಬಿಚ್ಚಿ ಹಿಂಭಾಗ ನೋಡಿ, ಚಪ್ಪಟೆ ಇದ್ದರೆ ತಿರುಗಿಸಿ ಕೂಡಿಸಿ. ಎರಡೂ ಕಡೆ ಸವೆದಿದ್ದರೆ ಮಿಲ್ಲಿಂಗ್ ಮಾಡುವವರ ಹತ್ತಿರ ಸಮ ಮಾಡಿಸಿ, ಮೇಲೆ ಸೆರಾಮಿಕ್ ಗ್ಲಾಸ್ ಅಂಟಿಸಿ. ಉಕ್ಕಿಗಿಂತ ತುಂಬಾ ನಿಧಾನ ಸವೆಯುತ್ತದೆ. ಅದಾದ ಮೇಲೆ ಬೇಡದ ಪಟ್ಟಿಯ ತುಂಡೊಂದರಲ್ಲಿ ಬೆವೆಲ್ ಮಾಡಿ, ಮಾರ್ಕರ್ ಬಳಿದ ಫೋಟೋ ಹಾಕಿ. ಉಳಿದ ಅರ್ಧ ಆಮೇಲೆ ನೋಡೋಣ.