ಮನೆ ಕೂಟದಲ್ಲಿ ಹಾಡೇ ಐವತ್ತು ನಿಮಿಷ: ಸ್ತುತಿಗೂ ಪ್ರಾರ್ಥನೆಗೂ ಸಮಯ ಹೇಗೆ ಹಂಚಬೇಕು?

ಕ್ಯಾಂಪಿನ ಕೂಟ (ಸಿಂಧನೂರು)

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಮ್ಮ ಕ್ಯಾಂಪಿನಲ್ಲಿ (ನೀರಾವರಿ ಸೀಮೆಯ ವಸತಿ ಊರು) ಗುರುವಾರ ರಾತ್ರಿ ಮನೆ ಕೂಟ ನಡೆಯುತ್ತದೆ. ಹದಿನೆಂಟು ಇಪ್ಪತ್ತು ಜನ, ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ಭತ್ತದ ನಾಟಿ ಮುಗಿಸಿ ಬಂದು, ಅಡುಗೆ ಮಾಡಿಟ್ಟು ಎಂಟಕ್ಕೆ ಕೂಡುತ್ತಾರೆ. ಒಂಬತ್ತೂಕಾಲಿಗೆ ಏಳಲೇಬೇಕು, ಬೆಳಿಗ್ಗೆ ಮತ್ತೆ ಗದ್ದೆ. ಈಗ ಹಾಡು ಐವತ್ತು ನಿಮಿಷ, ಆಮೇಲೆ ಒಬ್ಬರದೇ ಪ್ರಾರ್ಥನೆ ಇಪ್ಪತ್ತು ನಿಮಿಷ, ಬೈಬಲಿನ ವಾಕ್ಯಕ್ಕೆ ಉಳಿದ ಐದು. ಮಕ್ಕಳು ಪ್ರಾರ್ಥನೆಯಲ್ಲೇ ನಿದ್ದೆ ಹೋಗುತ್ತವೆ. ಹಾಡು ಕಡಿಮೆ ಮಾಡೋಣ ಎಂದರೆ "ದೇವರ ಸ್ತುತಿ ಕಡಿಮೆ ಮಾಡ್ತೀರೇನು" ಎಂದು ಹಿರಿಯರು ಕೇಳುತ್ತಾರೆ, ಆ ಮಾತೂ ತಪ್ಪಲ್ಲ. ಕೂಟ ನಡೆಸಿ ಬಲ್ಲವರು ದಾರಿ ಹೇಳಿ.

ಬಳ್ಳಾರಿ ಕೀರ್ತನೆ

ತಮ್ಮಾ, ವಂದನೆಗಳು. ಹಾಡಿದರೆ ಸ್ತುತಿ, ಕಣ್ಣು ಮುಚ್ಚಿದರೆ ಪ್ರಾರ್ಥನೆ ಎಂದು ಭಾಗ ಮಾಡಿಕೊಂಡಿದ್ದರಿಂದಲೇ ಈ ಜಗ್ಗಾಟ. ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ 72ನೇ ಕೀರ್ತನೆಯ ಕೊನೆಯ ವಚನ ತೆಗೆದು ನೋಡಿ: ದಾವೀದನ ಪ್ರಾರ್ಥನೆಗಳು ಇಲ್ಲಿಗೆ ಮುಗಿದವು ಎನ್ನುತ್ತದೆ. ಹಾಡಿದ್ದನ್ನೇ ಪ್ರಾರ್ಥನೆ ಎಂದು ಕರೆದಿದೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ ಸೀಲರು ಮಧ್ಯರಾತ್ರಿಯಲ್ಲಿ ಪ್ರಾರ್ಥಿಸುತ್ತಲೇ ಹಾಡುತ್ತಿದ್ದರು (ಅಪೊಸ್ತಲರ ಕೃತ್ಯಗಳು 16:25), ಮಿಕ್ಕ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು. ಅಲ್ಲಿ ಎರಡೂ ಒಂದೇ ಉಸಿರಿನಲ್ಲಿವೆ.

ಹಿರಿಯರಿಗೆ ಹೀಗೆ ಹೇಳಿ: ಸ್ತುತಿ ಕಡಿಮೆಯಾಗುವುದಿಲ್ಲ, ಹಾಡಿನ ಎಣಿಕೆ ಕಡಿಮೆಯಾಗುತ್ತದೆ. ಪ್ರತಿ ಹಾಡಿಗೂ ಒಂದು ಪರೀಕ್ಷೆ ಇಡಿ. ಪಲ್ಲವಿ ಬಿಟ್ಟು ಚರಣಗಳನ್ನು ರಾಗವಿಲ್ಲದೆ ಓದಿ. ದೇವರು ಎಂಥವನು, ಏನು ಮಾಡಿದ ಎಂಬುದು ಎಷ್ಟು ಸಾಲಿನಲ್ಲಿದೆ? "ಹಾಡುವೆನು, ಕುಣಿಯುವೆನು" ಎಷ್ಟು ಸಾಲಿನಲ್ಲಿದೆ? 117ನೇ ಕೀರ್ತನೆ ಎರಡೇ ವಚನ, ಇಡೀ ಪುಸ್ತಕದಲ್ಲಿ ಅತಿ ಚಿಕ್ಕದು. ಮೊದಲ ವಚನ ಸ್ತುತಿಸಿರಿ ಎಂದು ಕರೆಯುತ್ತದೆ, ಎರಡನೆಯದು ಯಾಕೆ ಎಂದು ಹೇಳುತ್ತದೆ. ಆ "ಯಾಕೆ" ಇಲ್ಲದ ಹಾಡು ಎಷ್ಟು ಹೊತ್ತು ಹಾಡಿದರೂ ಕರೆ ಮಾತ್ರ. ಈ ಪರೀಕ್ಷೆಯಲ್ಲಿ ಉಳಿಯುವ ಮೂರು ಹಾಡು ಸಾಕು, ಹದಿನೈದು ನಿಮಿಷ.

ಹಾಡಿನ ಬೆನ್ನಿಗೇ ಒಂದು ಕೀರ್ತನೆ ಓದಿ, ಅದರ ಮಾತಿನಲ್ಲೇ ಸ್ತುತಿ ಪ್ರಾರ್ಥನೆ, ಹತ್ತು ನಿಮಿಷ. ವಾಕ್ಯಕ್ಕೆ ಇಪ್ಪತ್ತು. ವಿಜ್ಞಾಪನೆ, ಅಂದರೆ ನಮಗಾಗಿಯೂ ಇತರರಿಗಾಗಿಯೂ ಬೇಡುವುದು, ವಾಕ್ಯದ ನಂತರ ಬರಲಿ, ಇಪ್ಪತ್ತು ನಿಮಿಷ. ಕೇಳಿದ ವಾಕ್ಯವೇ ಏನು ಬೇಡಬೇಕೆಂದು ಕಲಿಸುತ್ತದೆ. ಯೇಸು ಕಲಿಸಿದ ಪರಲೋಕ ಪ್ರಾರ್ಥನೆಗೂ ಆಶೀರ್ವಾದಕ್ಕೂ ಐದು. ಇನ್ನೂ ಐದು ನಿಮಿಷ ತಡವಾಗಿ ಬರುವವರಿಗೆ ಮೊದಲಲ್ಲೇ ಹೋಗುತ್ತದೆ, ಅದಕ್ಕೆ ಬೇಸರ ಬೇಡ.

ಈಗ ಆ ಇಪ್ಪತ್ತು ನಿಮಿಷದ ಪ್ರಾರ್ಥನೆ. ಅದು ಉದ್ದವಾಗುವುದು ವಿಷಯ ಹೆಚ್ಚಿರುವುದರಿಂದಲ್ಲ. ಮುಂದಿನ ಮಾತು ಹೊಳೆಯುವವರೆಗೆ "ತಂದೆಯೇ, ಸ್ತೋತ್ರ ಅಪ್ಪಾ" ಎಂದು ನಾಲ್ಕು ಮಾತಿಗೊಮ್ಮೆ ತುಂಬಿಸುತ್ತೇವೆ. ಬಹಳ ಮಾತಾಡಿದರೆ ಕೇಳುತ್ತಾನೆ ಎಂದು ಭಾವಿಸಬೇಡಿ ಎಂದು ಮತ್ತಾಯ 6:7ರಲ್ಲಿ ಹೇಳಿ, ಕರ್ತನು ಒಡನೆಯೇ ಕಲಿಸಿದ ಪ್ರಾರ್ಥನೆ ಅರ್ಧ ನಿಮಿಷದ್ದು. ಅದರಲ್ಲೂ ಮೊದಲ ಮೂರು ಬೇಡಿಕೆ ನಿನ್ನ ನಾಮ, ನಿನ್ನ ರಾಜ್ಯ, ನಿನ್ನ ಚಿತ್ತ. ಊಟದ ಮಾತು ನಾಲ್ಕನೆಯದು.

ಕೀರ್ತನೆಯಿಂದ ಪ್ರಾರ್ಥನೆ ಕಟ್ಟುವುದನ್ನು ಒಂದು ಉದಾಹರಣೆಯಲ್ಲೇ ತೋರಿಸುತ್ತೇನೆ. 103:13-14 ತೆಗೆದುಕೊಳ್ಳಿ. ಮೊದಲ ಮಾತು ಆತನ ಗುಣ: "ತಂದೆ ಮಕ್ಕಳನ್ನು ಕನಿಕರಿಸುವ ಹಾಗೆ ಕನಿಕರಿಸುವ ದೇವರೇ, ನಾವು ಮಣ್ಣೆಂದು ನೀನು ಬಲ್ಲೆ." ಎರಡನೆಯದು ಆತನು ಮಾಡಿದ್ದು: "ವಾರವಿಡೀ ಬೆನ್ನು ಬಗ್ಗಿಸಿ ದುಡಿದ ಈ ಮೈಗೆ ಬಲ ಕೊಟ್ಟು ಮನೆ ಮುಟ್ಟಿಸಿದೆ, ಸ್ತೋತ್ರ." ಮೂರನೆಯದು ಬೇಡಿಕೆ, ಅದೇ ಗುಣವನ್ನು ಹಿಡಿದು: "ಆ ಕನಿಕರದಿಂದಲೇ ಜ್ವರದಲ್ಲಿ ಮಲಗಿರುವ ನಮ್ಮ ಅಕ್ಕನನ್ನು ನೋಡು." ಆಮೆನ್. ಮೂರು ಮಾತು ಮುಗಿಯಿತು. ಓದು ಬರದ ಅವ್ವಂದಿರೂ ಎರಡು ವಾರದಲ್ಲಿ ಹೀಗೆ ಪ್ರಾರ್ಥಿಸಬಲ್ಲರು. ವಚನವನ್ನು ಯಾರಾದರೂ ಎರಡು ಸಲ ನಿಧಾನ ಓದಿ ಹೇಳಿದರೆ ಸಾಕು.

ಗಂಗಾವತಿ ಪೇಟಿ

ಕೀರ್ತನೆ ಅಣ್ಣಾವರು ಹೇಳಿದ್ದು ಸರಿ. ಹಾಡಿನ ಕಡೆಯಿಂದ ಇನ್ನಷ್ಟು.

ಜನ ಹಾಡದೆ ಬರೇ ಚಪ್ಪಾಳೆ ತಟ್ಟುತ್ತಿದ್ದರೆ ಭಕ್ತಿ ಕಡಿಮೆ ಎಂದುಕೊಳ್ಳಬೇಡಿ, ಮೊದಲು ಶ್ರುತಿ ನೋಡಿ. ಮುಂದೆ ನಿಂತವರು ಯೂಟ್ಯೂಬಿನ ಗಾಯಕರ ಶ್ರುತಿಯಲ್ಲೇ ಎತ್ತುತ್ತಾರೆ, ಚರಣಕ್ಕೆ ಬರುವಷ್ಟರಲ್ಲಿ ಕುಳಿತವರ ಗಂಟಲು ಕಟ್ಟುತ್ತದೆ. ಪಲ್ಲವಿಯಿಂದ ಶ್ರುತಿ ಹಿಡಿಯಬಾರದು. ಚರಣದ ಅತಿ ಮೇಲಿನ ಸಾಲನ್ನು ಮೊದಲು ಮೆಲ್ಲಗೆ ಹಾಡಿ ನೋಡಬೇಕು. ಹಾಡು ತಾರಸ್ಥಾಯಿಯ ಗಾಂಧಾರ (ಮೇಲಿನ ಸಪ್ತಕದ ಗ ಸ್ವರ) ಮುಟ್ಟುವುದಾದರೆ, ಬಿಳಿ ಒಂದರಲ್ಲಿ, ಅಂದರೆ ಹಾರ್ಮೋನಿಯಂ ಪೇಟಿಯ ಮೊದಲ ಬಿಳಿ ಮನೆಯನ್ನು ಸ ಮಾಡಿಕೊಂಡು ಎತ್ತಿದರೆ, ಹೆಚ್ಚಿನವರು ಅಲ್ಲಿ ಬಾಯಿ ಮುಚ್ಚುತ್ತಾರೆ. ಅದನ್ನೇ ಕೆಳಗಿನ ಬಿಳಿ ಆರಕ್ಕೆ ಇಳಿಸಿದರೆ ಮೇಲಿನ ಸಾಲು ಕರಿ ಒಂದರಲ್ಲಿ (ಮೊದಲ ಕರಿ ಮನೆ) ಮುಗಿಯುತ್ತದೆ, ಇಡೀ ಕೋಣೆ ಹಾಡುತ್ತದೆ. ಗಂಡಸರ ದನಿ ಕೆಳಗೆ ಸ್ವಲ್ಪ ಗೊಗ್ಗರಾಗಬಹುದು, ಆಗಲಿ.

ಡೋಲಕ್ ಬಾರಿಸುವ ಹುಡುಗರಿಗೆ ಒಂದೇ ಮಾತು: ಎರಡನೇ ಚರಣಕ್ಕೆ ಲಯ ಓಡಬಾರದು. ಓಡಿದರೆ ಉಸಿರು ಸಿಗುವುದಿಲ್ಲ, ಸಾಲಿನ ಕೊನೆಯ ಮಾತು ನುಂಗಿಹೋಗುತ್ತದೆ, ಕನ್ನಡದಲ್ಲಿ ಕ್ರಿಯಾಪದ ಇರುವುದೇ ಅಲ್ಲಿ. "ರಕ್ಷಿಸಿದನು" ಎಂಬುದೇ ಕೇಳಿಸದಿದ್ದರೆ ಸ್ತುತಿ ಎಲ್ಲಿ ಉಳಿಯಿತು? ಒಂದು ಚರಣವನ್ನು ವಾದ್ಯವಿಲ್ಲದೆ ಹಾಡಿಸಿ, ಯಾವ ಮಾತು ಜನಕ್ಕೆ ಬರುವುದಿಲ್ಲ ಎಂದು ಆಗ ಗೊತ್ತಾಗುತ್ತದೆ.

ಇಪ್ಪತ್ತು ಜನರ ಕೋಣೆಗೆ ಮೈಕ್ ಬೇಡವೇ ಬೇಡ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ನಿಮ್ಮದು ಅದಕ್ಕೂ ಮೊದಲೇ ಮುಗಿಯುತ್ತದೆ, ಆದರೂ ಪಕ್ಕದ ಮನೆಯವರೂ ದುಡಿದು ಬಂದವರೇ ಅಲ್ಲವೇ.

ತೆಲುಗು ಹಾಡಿನ ವಿಷಯ ನೀವು ಕೇಳಿಲ್ಲ, ನಮ್ಮ ಸೀಮೆಯಲ್ಲಿ ಅದಿಲ್ಲದ ಕೂಟವಿಲ್ಲ. ತೆಲುಗಿನವರು ಇದ್ದರೆ ಹಾಡಲೇಬೇಕು. ಕನ್ನಡ ಲಿಪಿಯಲ್ಲಿ ಬರೆದುಕೊಂಡು ಅರ್ಥ ತಿಳಿಯದೆ ಹಾಡುವ ಮಕ್ಕಳಿದ್ದರೆ ಪಲ್ಲವಿಯ ಅರ್ಥವನ್ನಾದರೂ ಮೊದಲು ಕನ್ನಡದಲ್ಲಿ ಹೇಳಿ. ಬುದ್ಧಿಯಿಂದಲೂ ಹಾಡುವೆನು ಎಂದ ಪೌಲನು, ಅರ್ಥವಾಗದವನು ಆಮೆನ್ ಹೇಗೆ ಹೇಳಿಯಾನು ಎಂದೂ ಕೇಳುತ್ತಾನೆ (1 ಕೊರಿಂಥ 14:15-16). 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿಗಾಗಿ ವರ್ಷಗಟ್ಟಲೆ ಕೂತರು, ಇಡೀ ಬೈಬಲ್ ಹೊರಬಂದದ್ದು 1831ರಲ್ಲಿ. ಅಷ್ಟು ಕಷ್ಟದಿಂದ ಬಂದ ಮಾತನ್ನು ಬಾಯಲ್ಲಿ ಆಡಿಸದೆ ಬಿಡಬಾರದು.

ಮುದಗಲ್ ಓದುಗ

ನಾವು ಕಥೋಲಿಕರು. ನಮ್ಮ ಬಲಿಪೂಜೆಯಲ್ಲಿ (ಚರ್ಚಿನ ಮುಖ್ಯ ಆರಾಧನೆ) "ವಿಶ್ವಾಸಿಗಳ ಪ್ರಾರ್ಥನೆ" ಎಂದು ಜನರು ಸೇರಿ ಬೇಡುವ ಭಾಗವಿದೆ, ಅದರ ಕ್ರಮ ನಿಮ್ಮ ವಿಜ್ಞಾಪನೆಗೆ ಆಗಬಹುದು. ಮೊದಲು ಧರ್ಮಸಭೆಗಾಗಿ, ಆಮೇಲೆ ಆಳುವವರಿಗಾಗಿ ಮತ್ತು ಲೋಕದ ರಕ್ಷಣೆಗಾಗಿ, ಆಮೇಲೆ ಯಾವುದೇ ಕಷ್ಟದಲ್ಲಿರುವವರಿಗಾಗಿ, ಕೊನೆಗೆ ನಮ್ಮ ಊರಿನ ಸಭೆಗಾಗಿ. ಒಬ್ಬೊಬ್ಬರು ಒಂದೊಂದು ಬಿನ್ನಹ ಓದುತ್ತಾರೆ, ಒಂದೇ ವಾಕ್ಯ. ಜನರೆಲ್ಲ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು" ಎನ್ನುತ್ತಾರೆ. ಹೊರಗಿನಿಂದ ಒಳಕ್ಕೆ ಬರುವ ಈ ಕ್ರಮ ಮುಖ್ಯ. ನಮ್ಮ ಮನೆಯಿಂದ ಶುರುವಾದರೆ ಪ್ರಾರ್ಥನೆ ಅಲ್ಲೇ ಮುಗಿದುಬಿಡುತ್ತದೆ, ಆಳುವವರ ಸರದಿ ಬರುವುದೇ ಇಲ್ಲ. 1 ತಿಮೊಥೆಯ 2:1-2 ಅರಸರಿಗಾಗಿಯೂ ಅಧಿಕಾರಿಗಳಿಗಾಗಿಯೂ ಬೇಡಿರಿ ಎನ್ನುತ್ತದಲ್ಲ.

ಓದು ಬರದವರಿಗೆ 136ನೇ ಕೀರ್ತನೆ ಬಲು ಒಳ್ಳೆಯದು. 26 ವಚನ, ಪ್ರತಿಯೊಂದರ ಕೊನೆಗೂ ಆತನ ಕೃಪೆ ಶಾಶ್ವತ ಎಂಬ ಒಂದೇ ಮಾತು. ಒಬ್ಬರು ಮೊದಲರ್ಧ ಓದಲಿ, ಉಳಿದರ್ಧ ಎಲ್ಲರೂ. ಸೃಷ್ಟಿಯಿಂದ ಹಿಡಿದು ಐಗುಪ್ತ, ಸಮುದ್ರ, ಅರಣ್ಯ ದಾಟಿ 25ನೇ ವಚನದಲ್ಲಿ ಎಲ್ಲ ಜೀವಿಗಳಿಗೂ ಆಹಾರ ಕೊಡುವವನು ಎಂಬಲ್ಲಿಗೆ ಬರುತ್ತದೆ. ನಾಟಿ ಮಾಡಿ ಬಂದವರ ಬಾಯಲ್ಲಿ ಆ ವಚನ ಹೇಗಿರುತ್ತದೆ ಕೇಳಿ ನೋಡಿ. ನಿದ್ದೆ ಹೋಗುವ ಮಕ್ಕಳೂ ಇದರಲ್ಲಿ ದನಿಗೂಡಿಸುತ್ತವೆ.

ಕ್ಯಾಂಪಿನ ಕೂಟ (ಸಿಂಧನೂರು)

ಬಹಳ ಉಪಕಾರವಾಯಿತು ಅಣ್ಣಾವರೇ. ಇನ್ನೊಂದು ಕೇಳಬೇಕಿತ್ತು. ಯಾರದಾದರೂ ಮನೆಯಲ್ಲಿ ಸಾವಾದ ವಾರ ಅಲ್ಲಿಯೇ ಕೂಟ ಇಡುತ್ತೇವೆ. ಆಗಲೂ ಸ್ತುತಿಯಿಂದಲೇ ಶುರು ಮಾಡಬೇಕೇ?

ಬಳ್ಳಾರಿ ಕೀರ್ತನೆ

ಬೇಡ. ಆ ದಿನ 13ನೇ ಕೀರ್ತನೆ ಓದಿ, ಆರೇ ವಚನ. ಮೊದಲ ಎರಡರಲ್ಲೇ ಕೀರ್ತನೆಗಾರನು "ಎಲ್ಲಿಯವರೆಗೆ" ಎಂದು ದೇವರನ್ನು ನಾಲ್ಕು ಸಲ ಕೇಳುತ್ತಾನೆ. ಆಮೇಲೆ ಎರಡು ವಚನ ಬೇಡಿಕೆ, ಕೊನೆಯ ಎರಡು ಭರವಸೆ. ಕೊನೆಯ ಆ ಎರಡನ್ನು ದುಃಖದಲ್ಲಿರುವವರ ಬಾಯಿಂದ ಹೇಳಿಸಬೇಡಿ, ಅವರ ಪರವಾಗಿ ಕೂಟದವರು ಹೇಳಲಿ. ಅಷ್ಟೂ ಆಗದ ಮನೆಯಿದ್ದರೆ 88ನೆಯದು ಇದೆ, ಅದು ಕತ್ತಲೆ ಎಂಬಲ್ಲೇ ನಿಲ್ಲುತ್ತದೆ, ಸ್ತುತಿಗೆ ತಿರುಗುವುದಿಲ್ಲ. ಅದನ್ನೂ ದೇವಜನರ ಕೀರ್ತನೆಗಳ ನಡುವೆಯೇ ಇಟ್ಟಿದ್ದಾರೆ.

"ದೇವರ ಚಿತ್ತ", "ಅಳಬೇಡಿ" ಎಂಬ ಮಾತು ಪ್ರಾರ್ಥನೆಯ ಒಳಗೆ ನುಸುಳದಂತೆ ನೋಡಿಕೊಳ್ಳಿ. ಅದು ದೇವರಿಗೆ ಹೇಳಿದ್ದಾಗುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಹೇಳಿದ್ದಾಗುತ್ತದೆ. ಲಾಜರನ ಸಮಾಧಿಯ ಬಳಿ ಯೇಸು ತಾನೇ ಕಣ್ಣೀರು ಬಿಟ್ಟನು (ಯೋಹಾನ 11:35). ಓದಿನ ನಂತರ ಎರಡು ನಿಮಿಷ ಸುಮ್ಮನೆ ಕೂತು, ಒಬ್ಬರು ಚಿಕ್ಕ ಪ್ರಾರ್ಥನೆ ಮಾಡಿ, ಪರಲೋಕ ಪ್ರಾರ್ಥನೆ ಎಲ್ಲರೂ ಹೇಳಿ. ಹಾಡಬೇಕೆನಿಸಿದರೆ ಆ ಮನೆಯವರೇ ಕೇಳಿದ ಒಂದು ಹಾಡು, ಚಪ್ಪಾಳೆ ಇಲ್ಲದೆ. ಅರ್ಧ ಗಂಟೆಗೆ ಮುಗಿಸಿ. ಡೋಲಕ್ ಒಯ್ಯುವುದು ಬೇಡ, ಬುತ್ತಿ ಕಟ್ಟಿಕೊಂಡು ಹೋಗಿ.