ಅಪ್‌ಡೇಟ್: ರಿಸೀವರ್ ಕೊನೆಗೂ ತಗೊಂಡೆ

ಎಂ14 ಮಾದರಿಯ ಸೆಮಿ-ಆಟೋಮ್ಯಾಟಿಕ್ ರೈಫಲ್‌ಗೆ ರಿಸೀವರ್ (ಬ್ಯಾರೆಲ್, ಬೋಲ್ಟ್ ಕೂರೋ ಮುಖ್ಯ ಚೌಕಟ್ಟು) ಫೋರ್ಜ್ ಮಾಡಿದ್ದೇ (ಕಾಯಿಸಿ ಬಡಿದು ಮಾಡಿದ್ದು) ಬೇಕಾ, ಎರಕದ್ದು (ಅಚ್ಚಿಗೆ ಹೊಯ್ದದ್ದು) ಸಾಕಾ ಅಂತ ಹೋದ ತಿಂಗಳು ಟೆಕ್ಸಾಸ್‌ನಿಂದ ಕೇಳಿದ್ದೆ. ಎರಕ ಅಂದ್ರೆ ಬಿರುಕು ಅಂತ ಹೆದರಿಸಿದವರೇ ಜಾಸ್ತಿ. ಆದರೆ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಕಂಪನಿಯ ಎಂ1ಎ (ಎಂ14ರ ನಾಗರಿಕ ಮಾದರಿ) ರಿಸೀವರ್ರೂ 8620 ಅನ್ನೋ ದರ್ಜೆಯ ಉಕ್ಕಿನ ಎರಕವೇ, ದಶಕಗಳಿಂದ ಓಡ್ತಿದೆ. ಸೇನೆಯ ಹಳೇ ಎಂ14ದು ಫೋರ್ಜ್ ಮಾಡಿದ್ದು ನಿಜ. ಆದರೆ ಕಾನೂನಿನ ಲೆಕ್ಕದಲ್ಲಿ ಅದು ಮಷಿನ್ ಗನ್, ನಮ್ಮಂಥವರಿಗಲ್ಲ.

ಮೊದಲು ನೋಡಿದ ಅಗ್ಗದ ರಿಸೀವರ್‌ನಲ್ಲಿ ಸ್ಕೋಪ್ (ಗುರಿ ನೋಡೋ ದುರ್ಬೀನು) ಮೌಂಟಿನ ತೋಡೇ ಓರೆ, ಬೋಲ್ಟ್ (ಗುಂಡನ್ನು ಬ್ಯಾರೆಲ್‌ಗೆ ತಳ್ಳಿ ಮುಚ್ಚೋ ಭಾಗ) ಅರ್ಧಕ್ಕೇ ತಡೀತಿತ್ತು. ಬೇಡ ಅಂದುಬಿಟ್ಟೆ. ಅಳತೆ, ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ಗಟ್ಟಿ ಮಾಡೋದು) ಸರಿಯಿರೋ ಎರಕದ್ದನ್ನೇ ಆರಿಸಿದೆ. ಅಮೆರಿಕದ ಕಾನೂನಿಗೆ ರಿಸೀವರ್ ಒಂದೇ ಸಾಕು, ಅದೇ ಬಂದೂಕು! ಅದಕ್ಕೇ ಡೀಲರ್ ಹತ್ರ 4473 ಫಾರ್ಮ್ (ಬಂದೂಕು ಕೊಳ್ಳುವಾಗ ತುಂಬೋ ಸರ್ಕಾರಿ ಅರ್ಜಿ) ತುಂಬಿದೆ. ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಂದ ಬ್ಯಾರೆಲ್ ಒಳಗೆ ತೋಟಾ ತಡೆದು ನಿಲ್ಲೋ ಜಾಗದವರೆಗಿನ ಅಂತರ) ಪರೀಕ್ಷೆಗೆ ಗನ್‌ಸ್ಮಿತ್ (ಬಂದೂಕು ಕೆಲಸದವರು) ಗುರುವಾರ ಬನ್ನಿ ಅಂದಿದ್ದಾರೆ.