‘ಆಕಾಶವಾಣಿ’ ಅಂದರೆ ರೇಡಿಯೋನಾ, ಒಂದು ಸಂಸ್ಥೆಯ ಹೆಸರಾ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಚಾರದಲ್ಲಿ ನಿಮ್ಮ ಸಹಾಯ ಬೇಕು. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ಸೋದರತ್ತೆ ತಮ್ಮ ಹಳೆಯ ನೆನಪುಗಳನ್ನು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಅವರು ಹುಟ್ಟಿ ಬೆಳೆದದ್ದು ಮೈಸೂರಿನ ಒಂಟಿಕೊಪ್ಪಲಿನಲ್ಲಿ. 1954ರಲ್ಲಿ ಮದುವೆಯಾಗಿ ಹೋದದ್ದು ಧಾರವಾಡಕ್ಕೆ. ಮನೆಮಂದಿ ಓದಿಕೊಳ್ಳಲಿ ಅಂತ ಅದನ್ನೊಂದು ಪುಟ್ಟ ಪುಸ್ತಕ ಮಾಡುತ್ತಿದ್ದೇವೆ. ಕರಡು ತಿದ್ದಲು ಪರಿಚಯದವರೊಬ್ಬರಿಗೆ ಕೊಟ್ಟಿದ್ದೆ. ತುಂಬಾ ಶ್ರದ್ಧೆಯಿಂದ ತಿದ್ದಿಕೊಟ್ಟಿದ್ದಾರೆ. ಆದರೆ ಬರಹದಲ್ಲಿ ಒಂದು ಕಡೆ ‘ರೇಡಿಯೋ’, ಒಂದು ಕಡೆ ‘ಬಾನುಲಿ’, ಇನ್ನೊಂದು ಕಡೆ ‘ಆಕಾಶವಾಣಿ’ ಅಂತ ಇತ್ತು. ಅವರು ಮೂರನ್ನೂ ‘ಆಕಾಶವಾಣಿ’ ಮಾಡಿಬಿಟ್ಟಿದ್ದಾರೆ. ಹಾಗಾಗಿ ಈಗ ‘ಅಪ್ಪ ಹೊಸ ಆಕಾಶವಾಣಿ ಕೊಂಡು ತಂದರು’ ಅನ್ನುವ ವಾಕ್ಯ ಬಂದಿದೆ. ‘ರಾತ್ರಿ ಸಿಲೋನ್ ಆಕಾಶವಾಣಿ ಕೇಳುತ್ತಿದ್ದೆವು’ ಅಂತಲೂ ಬಂದಿದೆ. (ಸಿಲೋನ್ ಅಂದರೆ ಈಗಿನ ಶ್ರೀಲಂಕಾ.)

ಅತ್ತೆಗೆ ಓದಿ ಹೇಳಿದೆ. ಅವರು ತಕ್ಷಣ ತಡೆದರು. ‘ಸಿಲೋನ್‌ಗೆ ಯಾರಾದ್ರೂ ಆಕಾಶವಾಣಿ ಅಂತಾರೇನೋ? ಅದು ಸಿಲೋನ್ ರೇಡಿಯೋ. ಆಕಾಶವಾಣಿ ನಮ್ಮ ಮೈಸೂರಿನದು’ ಅಂದರು.

ಆ ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅಷ್ಟರಲ್ಲಿ ಇನ್ನೊಂದು ವಿಷಯವೂ ಗಮನಕ್ಕೆ ಬಂತು. ಅತ್ತೆ ಒಂದು ಸಲವೂ ‘ಬಾನುಲಿ’ ಅಂದಿರಲಿಲ್ಲ. ಬರೆಯುವಾಗ ಚೆನ್ನಾಗಿ ಕಾಣಲಿ ಅಂತ ನಾನೇ ಅದನ್ನು ಸೇರಿಸಿದ್ದೆ. ಅವರು ಪೆಟ್ಟಿಗೆಗೆ ‘ರೇಡಿಯೋ’ ಅನ್ನುತ್ತಾರೆ. ಮೈಸೂರಿನ ಸ್ಟೇಷನ್‌ಗೆ ‘ಆಕಾಶವಾಣಿ’ ಅನ್ನುತ್ತಾರೆ. ಧಾರವಾಡಕ್ಕೆ ಹೋದ ಹೊಸದರಲ್ಲಿ ಅಲ್ಲಿನ ಸ್ಟೇಷನ್‌ಗೆ ‘ಆಲ್ ಇಂಡಿಯಾ ರೇಡಿಯೋ’ ಅನ್ನುತ್ತಿದ್ದರಂತೆ. ಅವರ ಮಾತಿನಲ್ಲಿ ಈ ಮೂರೂ ಬೇರೆ ಬೇರೆ. ಸುಮ್ನೆ ಬಾಯಿಗೆ ಬಂದಂತೆ ಹೇಳಿದ್ದಲ್ಲ. ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ಅವರ ಲೆಕ್ಕವೇ ಸರಿ ಅನಿಸುತ್ತದೆ.

ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ರೇಡಿಯೋ ಪ್ರಸಾರ ಶುರು ಮಾಡಿದ್ದು 1935ರ ಸೆಪ್ಟೆಂಬರ್ 10ರಂದು. ಅವರು ಮನಃಶಾಸ್ತ್ರದ ಪ್ರಾಧ್ಯಾಪಕರು. ಸ್ವಂತ ಆಸಕ್ತಿಯಿಂದ, ಸ್ವಂತ ದುಡ್ಡಿನಿಂದ ಶುರು ಮಾಡಿದ ಕೆಲಸ ಅದು. ಆಮೇಲೆ ನಗರಸಭೆಯ ನೆರವು ಸಿಕ್ಕಿತು. 1942ರಲ್ಲಿ ಮೈಸೂರು ಸಂಸ್ಥಾನವೇ ಅದನ್ನು ವಹಿಸಿಕೊಂಡಿತು. ಆ ನಿಲಯದ ಹೆಸರೇ ‘ಆಕಾಶವಾಣಿ’. ಹೆಸರು ಹೊಳೆದದ್ದು ಗೋಪಾಲಸ್ವಾಮಿಯವರಿಗೆ ಅಂತ ಹೇಳುವವರಿದ್ದಾರೆ. ಅವರ ಜೊತೆ ಅಲ್ಲಿ ದುಡಿದ ನಗೆಬರಹಗಾರ ನಾ. ಕಸ್ತೂರಿಯವರಿಗೆ ಅಂತ ಹೇಳುವವರೂ ಇದ್ದಾರೆ. ಇಬ್ಬರಲ್ಲಿ ಯಾರದೇ ಆಗಲಿ, ಹೆಸರು ಮೈಸೂರಿನದು.

ಆಗ ದೆಹಲಿಯಲ್ಲಿ ‘ಆಲ್ ಇಂಡಿಯಾ ರೇಡಿಯೋ’ ಅನ್ನುವ ಹೆಸರೇ ಹುಟ್ಟಿರಲಿಲ್ಲ. 1927ರ ಜುಲೈನಲ್ಲಿ ಬೊಂಬಾಯಿಯಲ್ಲಿ, ಮರುತಿಂಗಳು ಕಲ್ಕತ್ತದಲ್ಲಿ ಒಂದು ಖಾಸಗಿ ಕಂಪನಿ ಪ್ರಸಾರ ಶುರು ಮಾಡಿತ್ತು. ಮೂರು ವರ್ಷ ತುಂಬುವುದರೊಳಗೆ ಅದು ನಷ್ಟದಲ್ಲಿ ಮುಚ್ಚಿತು. 1930ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ‘ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್’ ಅಂತ ಕರೆಯಿತು. ಅದನ್ನು ನಡೆಸಲು ಬಿಬಿಸಿಯಿಂದ ಬಂದ ಲಯೊನೆಲ್ ಫೀಲ್ಡನ್ ಅವರಿಗೆ ಆ ಉದ್ದನೆಯ ಹೆಸರು ಸ್ವಲ್ಪವೂ ಹಿಡಿಸಲಿಲ್ಲ. 1936ರ ಜೂನ್ 8ರಂದು ಅದು ‘ಆಲ್ ಇಂಡಿಯಾ ರೇಡಿಯೋ’ ಆಯಿತು.

ಅಂದರೆ ಮೈಸೂರಿನ ನಿಲಯಕ್ಕೆ ಆ ಹೆಸರಿಗಿಂತ ಒಂಬತ್ತು ತಿಂಗಳು ಜಾಸ್ತಿ ವಯಸ್ಸು. ಅದೂ ಅಲ್ಲದೆ, ಮೈಸೂರಿನವರ ಪಾಲಿಗೆ ಆಕಾಶವಾಣಿ, ಆಲ್ ಇಂಡಿಯಾ ರೇಡಿಯೋ ಎರಡು ಬೇರೆ ಸಂಸ್ಥೆಗಳು. 1940ರ ಸುಮಾರಿಗೆ ಮೈಸೂರಿನಲ್ಲಿ ಕೂತು ‘ಆಕಾಶವಾಣಿ’ ಅಂದರೆ ಊರಿನ ನಿಲಯ. ‘ಆಲ್ ಇಂಡಿಯಾ ರೇಡಿಯೋ’ ಅಂದರೆ ಗಡಿಯಾಚೆ ಮದರಾಸಿನಲ್ಲೋ ತಿರುಚಿರಾಪಳ್ಳಿಯಲ್ಲೋ ಇದ್ದ ಬ್ರಿಟಿಷ್ ಸರ್ಕಾರದ ನಿಲಯ. 1947ರಲ್ಲಿ ಭಾರತದ ಪಾಲಿಗೆ ಬಂದ ಆಲ್ ಇಂಡಿಯಾ ರೇಡಿಯೋ ನಿಲಯಗಳು ಆರು: ದೆಹಲಿ, ಬೊಂಬಾಯಿ, ಕಲ್ಕತ್ತ, ಮದರಾಸು, ತಿರುಚಿರಾಪಳ್ಳಿ, ಲಕ್ನೋ. ಈ ಪಟ್ಟಿಯಲ್ಲಿ ಮೈಸೂರು ಇಲ್ಲ. ಅದು ಸಂಸ್ಥಾನದ ನಿಲಯವಾಗಿತ್ತು. ಆಲ್ ಇಂಡಿಯಾ ರೇಡಿಯೋಗೆ ಸೇರಿದ್ದು 1950ರಲ್ಲಿ. ಅದೇ ವರ್ಷ ಜನವರಿಯಲ್ಲಿ ಧಾರವಾಡದ ನಿಲಯ ಶುರುವಾಯಿತು. ಧಾರವಾಡ ಆಗ ಬೊಂಬಾಯಿ ರಾಜ್ಯದಲ್ಲಿತ್ತು. ಇಡೀ ದೇಶದ ಸಂಸ್ಥೆಗೆ ‘ಆಕಾಶವಾಣಿ’ ಅನ್ನುವ ಹೆಸರು ಬಂದದ್ದು 1956–57ರ ಹೊತ್ತಿಗೆ.

ಈಗ ಅತ್ತೆಯ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ‘ಚಿಕ್ಕವಳಿದ್ದಾಗ ಆಕಾಶವಾಣಿಯಲ್ಲಿ ಹಾಡಿದ್ದೆ’ ಅಂದರೆ ಮೈಸೂರಿನಲ್ಲಿ ಹಾಡಿದ್ದು ಅಂತ ಅರ್ಥ. ‘ಮದುವೆಯಾದ ವರ್ಷ ಆಲ್ ಇಂಡಿಯಾ ರೇಡಿಯೋದಲ್ಲಿ ಹಾಡಿದ್ದೆ’ ಅಂದರೆ ಧಾರವಾಡದಲ್ಲಿ. ಎರಡನ್ನೂ ಒಂದೇ ಪದಕ್ಕೆ ತಿದ್ದಿದರೆ ಒಂದು ಇತಿಹಾಸವೇ ಅಳಿಸಿಹೋಗುತ್ತದೆ, ಅಲ್ವಾ? ಇಂದಿನ ಓದುಗರು ‘1944ರಲ್ಲಿ ಆಕಾಶವಾಣಿಯಲ್ಲಿ ಹಾಡಿದರು’ ಅಂತ ಓದಿದ ಕೂಡಲೇ ದೆಹಲಿಯ ಸಂಸ್ಥೆ ಅಂದುಕೊಳ್ಳುತ್ತಾರೆ. ಹಳೆಯ ಸಂಗೀತಗಾರರ, ಲೇಖಕರ ಪರಿಚಯ ಬರೆಯುವಾಗ ಈ ತಪ್ಪು ಆಗಾಗ ನುಸುಳುತ್ತದೆ. 1950ರ ಮೊದಲಿನ ಮಾತಾದರೆ ‘ಮೈಸೂರು ಆಕಾಶವಾಣಿ’ ಅಂತ ಬಿಡಿಸಿ ಬರೆಯುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಪದದ ಹಳೆಯ ಅರ್ಥವನ್ನೂ ಸ್ವಲ್ಪ ನೋಡೋಣ. ಕಣ್ಣಿಗೆ ಕಾಣದ ಯಾರೋ ಮೇಲಿನಿಂದ ಆಡುವ ಮಾತಿಗೆ ನಮ್ಮ ಕಡೆ ಹರಿಕಥೆಯಲ್ಲಿ, ಯಕ್ಷಗಾನದಲ್ಲಿ ಹೆಚ್ಚಾಗಿ ಕೇಳಿಬರುವುದು ‘ಅಶರೀರವಾಣಿ’. ಕಂಸ ತಂಗಿಯ ರಥ ಓಡಿಸಿಕೊಂಡು ಹೋಗುವಾಗ ದಾರಿಯಲ್ಲಿ ಕೇಳಿದ ಮಾತನ್ನು ಭಾಗವತ ‘ಅಶರೀರವಾಕ್’ ಅಂತಲೇ ಕರೆಯುತ್ತದೆ. ಸಂಸ್ಕೃತ ನಾಟಕಗಳಲ್ಲಿ ‘ಆಕಾಶಭಾಷಿತ’ ಅಂತ ಒಂದು ತಂತ್ರವಿದೆ. ರಂಗದ ಮೇಲೆ ಇಲ್ಲದವರ ಮಾತನ್ನು ನಟ ಕೇಳಿಸಿಕೊಂಡಂತೆ ನಟಿಸಿ ಉತ್ತರ ಕೊಡುತ್ತಾನೆ. ರೇಡಿಯೋ ಮುಂದೆ ಕೂತವರ ಸ್ಥಿತಿಯೂ ಇದೇ. ಮೈ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಅಶರೀರ ಅಂದಿದ್ದರೆ ಜನ ಸ್ವಲ್ಪ ಹೆದರುತ್ತಿದ್ದರೋ ಏನೋ. ‘ಆಕಾಶ’ವನ್ನು ಆರಿಸಿದ್ದರಿಂದ ಹೆಸರು ಹಿತವಾಗಿದೆ. ಹೊಸ ಯಂತ್ರಕ್ಕೆ ಹಳೆಯ ಪದವನ್ನು ಇಷ್ಟು ಸರಿಯಾಗಿ ಹೊಂದಿಸಿದ ಉದಾಹರಣೆ ನಮ್ಮಲ್ಲಿ ಬಹಳ ಇಲ್ಲ. ಟಾಗೋರರು ಕಲ್ಕತ್ತ ನಿಲಯಕ್ಕಾಗಿ ಬರೆದ ಕವಿತೆಯಲ್ಲೂ ಈ ಪದ ಬರುತ್ತದೆ. ಹಾಗಾಗಿ ಹೆಸರಿಟ್ಟವರು ಅವರೇ ಅಂತ ಹಲವರು ನಂಬಿದ್ದಾರೆ. ಆದರೆ ಆ ಕವಿತೆ 1930ರ ದಶಕದ ಕೊನೆಯದು. ಮೈಸೂರಿನ ನಿಲಯಕ್ಕಿಂತ ಈಚಿನದು.

‘ಬಾನುಲಿ’ಯ ಕಥೆ ಬೇರೆ. ಬಾನು ಮತ್ತು ಉಲಿ ಸೇರಿ ಆದ ಚಂದದ ಪದ. ತಮಿಳಿನ ‘ವಾನೊಲಿ’ ಇದಕ್ಕೆ ತೀರಾ ಹತ್ತಿರ. ತಮಿಳಿನ ವಕಾರ ನಮ್ಮಲ್ಲಿ ಬಕಾರವಾಗುವುದು ನಿಮಗೆ ಗೊತ್ತೇ ಇದೆ. ವಾಯ್–ಬಾಯಿ, ವೇರ್–ಬೇರು ಇದ್ದ ಹಾಗೆ ವಾನ್–ಬಾನು. ಆದರೆ ಬಳಕೆಯಲ್ಲಿ ಎರಡೂ ಬೇರೆ ದಾರಿ ಹಿಡಿದವು. ತಮಿಳಿನಲ್ಲಿ ‘ವಾನೊಲಿ ನಿಲೈಯಂ’ ಅನ್ನುವುದು ನಿಲಯದ ಹೆಸರಾಗಿಯೇ ನಿಂತಿತು. ಚೆನ್ನೈ, ತಿರುಚಿರಾಪಳ್ಳಿ ನಿಲಯಗಳನ್ನು ಜನ ಹಾಗೆಯೇ ಗುರುತಿಸುತ್ತಾರೆ. ನಮ್ಮಲ್ಲಿ ಬಾನುಲಿ ಬರಹದೊಳಗೇ ಉಳಿಯಿತು. ಬಾನುಲಿ ನಾಟಕ, ಬಾನುಲಿ ರೂಪಕ, ಬಾನುಲಿ ಭಾಷಣ ಅಂತ ಬರೆಯುತ್ತೇವೆ. ಮನೆಯಲ್ಲಿ ‘ಬಾನುಲಿ ಹಾಕು’ ಅಂದವರನ್ನು ನಾನು ಕಂಡಿಲ್ಲ. ಮೈಸೂರು ಕಡೆ ‘ರೇಡಿಯೋ ಹಾಕು’, ಧಾರವಾಡದ ಕಡೆ ‘ರೇಡಿಯೋ ಹಚ್ಚು’. ಅತ್ತೆಯ ಬಾಯಲ್ಲಿ ಇಂದಿಗೂ ಎರಡೂ ಬರುತ್ತವೆ!

ಇದಕ್ಕೆ ಕಾರಣ ಹೀಗಿರಬಹುದು ಅಂತ ನನಗನಿಸುತ್ತದೆ. ‘ಆಕಾಶವಾಣಿ’ ತಮಿಳರಿಗೆ ದೆಹಲಿಯಿಂದ ಬಂದ ಹೆಸರು. ನಮಗೆ ಅದು ಮೈಸೂರಿನ ಒಂದು ಮನೆಯಿಂದ ಬಂದದ್ದು. ತಮಿಳುನಾಡಿನಲ್ಲಿ ಆ ಹೆಸರಿನ ವಿರುದ್ಧ ಹಿಂದೆಯೇ ಪ್ರತಿಭಟನೆ ನಡೆದಿತ್ತು. 2023ರಲ್ಲಿ ‘ಆಲ್ ಇಂಡಿಯಾ ರೇಡಿಯೋ’ ಅನ್ನುವುದನ್ನು ಪೂರ್ತಿ ಕೈಬಿಟ್ಟು ‘ಆಕಾಶವಾಣಿ’ ಅಂತ ಮಾತ್ರ ಬಳಸಬೇಕು ಅನ್ನುವ ಸೂಚನೆ ಬಂದಾಗಲೂ ತಮಿಳುನಾಡಿನಿಂದ ವಿರೋಧ ಬಂತು. ನಮ್ಮಲ್ಲಿ ಆ ಕಸಿವಿಸಿ ಇರಲಿಲ್ಲ. ಪದ ಸಂಸ್ಕೃತದ್ದೇ. ಆದರೂ ಅದು ನಮ್ಮ ಊರಿನ ಹೆಸರಾಗಿ ಬೆಳೆದಿತ್ತು. ಆದ್ದರಿಂದ ಬಾನುಲಿಗೆ ನಿಲಯದ ಬಾಗಿಲ ಮೇಲೆ ಕೂರಲು ಜಾಗವೇ ಸಿಗಲಿಲ್ಲ. ಮರಾಠಿಯವರು ‘ನಭೋವಾಣಿ’, ‘ನಭೋನಾಟ್ಯ’ ಅಂತ ಮಾಡಿಕೊಂಡರು. ಬಂಗಾಳಿಯವರು ‘ಬೇತಾರ್’ ಅನ್ನುತ್ತಾರೆ, ತಂತಿ ಇಲ್ಲದ್ದು ಅಂತ ಅರ್ಥ.

ಹಾಗಾದರೆ ಇಂದಿನ ಬಳಕೆಯಲ್ಲಿ ಆಕಾಶವಾಣಿ ಅಂಕಿತನಾಮವೋ ರೂಢನಾಮವೋ? ಕಾನೂನಿನ ಮಟ್ಟಿಗೆ ಉತ್ತರ ಖಚಿತವಾಗಿದೆ. 1990ರ ಪ್ರಸಾರ ಭಾರತಿ ಕಾಯ್ದೆ ‘ಆಕಾಶವಾಣಿ’ ಅಂದರೇನು ಅಂತ ಸ್ಪಷ್ಟವಾಗಿ ಹೇಳುತ್ತದೆ: ಆಲ್ ಇಂಡಿಯಾ ರೇಡಿಯೋದ ಮಹಾನಿರ್ದೇಶಕರ ಕೈಕೆಳಗೆ ಇದ್ದ ಕಚೇರಿಗಳು, ನಿಲಯಗಳು ಮತ್ತು ಇತರ ಘಟಕಗಳು. ಅಂದರೆ ಅದು ಒಂದು ಸಂಸ್ಥೆಯ ಹೆಸರು. 1997ರ ನವೆಂಬರ್‌ನಲ್ಲಿ ಆ ಸಂಸ್ಥೆ ಪ್ರಸಾರ ಭಾರತಿಯ ಕೈಗೆ ಬಂತು.

ಜನರ ಬಾಯಲ್ಲಿಯೂ ಹೀಗೇ. 2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಬಂದಾಗ ಅದನ್ನು ಯಾರೂ ‘ಖಾಸಗಿ ಆಕಾಶವಾಣಿ’ ಅನ್ನಲಿಲ್ಲ. ಹಳ್ಳಿಗಳ, ಕಾಲೇಜುಗಳ ಪುಟ್ಟ ನಿಲಯಗಳಿಗೆ ‘ಸಮುದಾಯ ಬಾನುಲಿ’ ಅನ್ನುತ್ತಾರೆ. ಬಾನುಲಿಗೆ ಕೊನೆಗೂ ಇಲ್ಲೊಂದು ಜಾಗ ಸಿಕ್ಕಿದ್ದು ನನಗೆ ತುಂಬಾ ಸಂತೋಷ. ಇನ್ನು ‘ವಿವಿಧ ಭಾರತಿ’ಯದ್ದು ಬೇರೆ ವಿಚಾರ. 1950ರ ದಶಕದಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವ ಕೇಸ್ಕರ್ ಅವರ ಕಾಲದಲ್ಲಿ ಆಲ್ ಇಂಡಿಯಾ ರೇಡಿಯೋದಲ್ಲಿ ಸಿನಿಮಾ ಹಾಡು ನಿಂತುಹೋಗಿ ಜನ ಸಿಲೋನ್ ಕಡೆ ತಿರುಗಿದರು. ಅವರನ್ನು ಮರಳಿ ಕರೆತರಲು 1957ರ ಅಕ್ಟೋಬರ್ 3ರಂದು ಶುರು ಮಾಡಿದ ಸೇವೆ ಅದು. ಆಕಾಶವಾಣಿಯದ್ದೇ ಸೇವೆ. ಆದರೂ ಅತ್ತೆ ‘ಆಕಾಶವಾಣಿ ಬೇಡ, ವಿವಿಧ ಭಾರತಿ ಹಚ್ಚು’ ಅನ್ನುತ್ತಾರೆ. ಅವರಿಗೆ ಆಕಾಶವಾಣಿ ಅಂದರೆ ವಾರ್ತೆ, ಪ್ರದೇಶ ಸಮಾಚಾರ, ಚಿಂತನ, ಶಾಸ್ತ್ರೀಯ ಸಂಗೀತ. ವಿವಿಧ ಭಾರತಿ ಅಂದರೆ ಹಾಡು. ನಿಮ್ಮ ಮನೆಗಳಲ್ಲೂ ಹೀಗೆ ಬೇರೆ ಮಾಡಿ ಹೇಳುತ್ತಿದ್ದರಾ?

ಪದದ ಲಿಂಗದ ಬಗ್ಗೆಯೂ ಒಂದು ಮಾತು. 1974ರಿಂದ ಬರುತ್ತಿರುವ ಸಂಸ್ಕೃತ ವಾರ್ತೆ ‘ಇಯಂ ಆಕಾಶವಾಣೀ’ ಅಂತ ಶುರುವಾಗುತ್ತದೆ. ಅಲ್ಲಿ ಅದು ಸ್ತ್ರೀಲಿಂಗ. ಕನ್ನಡಕ್ಕೆ ಬಂದ ಕೂಡಲೇ ‘ಇದು ಆಕಾಶವಾಣಿ’. ನಪುಂಸಕಲಿಂಗ. ವಾಣಿ ಅಂತ ಹೆಣ್ಣುಮಕ್ಕಳಿಗೆ ಹೆಸರಿಡುವ ನಾವು ಆಕಾಶವಾಣಿಯನ್ನು ಮಾತ್ರ ‘ಅದು’ ಅನ್ನುತ್ತೇವೆ. ದೂರವಾಣಿಯೂ ಅಷ್ಟೇ.

ಇದೇ ಪುಸ್ತಕದಲ್ಲಿ ಇನ್ನೊಂದು ಪದ ತೊಡಕಾಗಿದೆ: ‘ತರಂಗಾಂತರ’. ಮೊದಲು ಇದರ ಅರ್ಥ ಒಂದು ಅಲೆಯಿಂದ ಇನ್ನೊಂದು ಅಲೆಗೆ ಇರುವ ದೂರ. ಅಳೆಯುವುದು ಮೀಟರಿನಲ್ಲಿ. ಧಾರವಾಡದ 765 ಕಿಲೋಹರ್ಟ್ಜ್‌ಗೆ ಸುಮಾರು 392 ಮೀಟರ್, ಬೆಂಗಳೂರಿನ 612 ಕಿಲೋಹರ್ಟ್ಜ್‌ಗೆ ಸುಮಾರು 490 ಮೀಟರ್. ಹಳೆಯ ಸೆಟ್ಟುಗಳ ಗಾಜಿನ ಮೇಲೆ ಮೀಟರ್ ಲೆಕ್ಕವೇ ಇರುತ್ತಿತ್ತು. ಮುಳ್ಳು ಅಲ್ಲಿಗೆ ಬರುವವರೆಗೂ ಗುಂಡಿ ತಿರುಗಿಸಬೇಕಿತ್ತು. ಈಗ ‘101.3 ತರಂಗಾಂತರದಲ್ಲಿ ಕನ್ನಡ ಕಾಮನಬಿಲ್ಲು’ ಅನ್ನುತ್ತೇವೆ. ಆದರೆ 101.3 ಅನ್ನುವುದು ಮೆಗಾಹರ್ಟ್ಜ್, ಅಂದರೆ ಕಂಪನಾಂಕ (ಸೆಕೆಂಡಿಗೆ ಎಷ್ಟು ಅಲೆ ಅನ್ನುವ ಲೆಕ್ಕ). ಅದರ ತರಂಗಾಂತರ ಸುಮಾರು 3 ಮೀಟರ್ ಅಷ್ಟೇ. ಮೊಬೈಲ್ ಕಂಪನಿಗಳಿಗೆ ಹಂಚುವ ಸ್ಪೆಕ್ಟ್ರಮ್‌ಗೂ ಪತ್ರಿಕೆಗಳು ‘ತರಂಗಾಂತರ’ ಅಂತಲೇ ಬರೆದವು. ಹೀಗೆ ಒಂದು ಪದ ಮೂರು ಬೇರೆ ಬೇರೆ ಅರ್ಥ ಹೊತ್ತಿದೆ. ಜನ ಒಪ್ಪಿಕೊಂಡ ಮೇಲೆ ತಪ್ಪು ಅನ್ನುವುದು ಸರಿಯಲ್ಲ. ಆದರೆ ಅತ್ತೆ ‘ಮೀಟರ್’ ಅಂದ ಕಡೆ ಅದನ್ನು ಹಾಗೇ ಬಿಡುವುದು ಒಳ್ಳೆಯದು ಅಂದುಕೊಂಡಿದ್ದೇನೆ.

ಈಗ ನನ್ನ ಪ್ರಶ್ನೆಗಳು.

ಹಳೆಯ ಮೈಸೂರಿನ ಹಿರಿಯರು ಮನೆಯಲ್ಲಿದ್ದರೆ ಕೇಳಿ ನೋಡಿ. ಅವರು ರೇಡಿಯೋ ಪೆಟ್ಟಿಗೆಗೂ ‘ಆಕಾಶವಾಣಿ’ ಅನ್ನುತ್ತಿದ್ದರಾ, ನಿಲಯಕ್ಕೆ ಮಾತ್ರವಾ? ಭದ್ರಾವತಿ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ. ಭದ್ರಾವತಿ, ಕಲಬುರಗಿ ನಿಲಯಗಳು 1960ರ ದಶಕದವು. ಮಂಗಳೂರಿನದು 1976ರದು. ಅಷ್ಟರಲ್ಲಿ ಆಕಾಶವಾಣಿ ಅನ್ನುವ ಹೆಸರು ದೇಶಕ್ಕೆಲ್ಲ ಆಗಿತ್ತು. ಹಾಗಾಗಿ ಅಲ್ಲಿನ ಮಾತಿನಲ್ಲಿ ಅತ್ತೆಯಂಥ ಮೂರು ಹೆಸರುಗಳ ಲೆಕ್ಕ ಇರಲಾರದು ಅಂತ ನನ್ನ ಊಹೆ. ಸರಿಯಾ?

‘ನಿಲಯ’ ಮತ್ತು ‘ಕೇಂದ್ರ’ದ ವಿಚಾರ ಮತ್ತೊಂದು. ಈಗ ‘ಆಕಾಶವಾಣಿ ಕೇಂದ್ರ’ ಜಾಸ್ತಿ ಕಾಣುತ್ತದೆ. ನನಗೆ ‘ನಿಲಯ’ ಇಷ್ಟ. ನಿಲಯ ಅಂದರೆ ಮನೆ. ಮೊದಲನೆಯದು ನಿಜವಾಗಿಯೂ ಒಂದು ಮನೆಯಲ್ಲಿತ್ತು. ನಿಮ್ಮ ಊರಿನಲ್ಲಿ ಯಾವುದು ಬಳಕೆಯಲ್ಲಿದೆ?

ಸದ್ಯಕ್ಕೆ ಕರಡನ್ನು ವಾಪಸ್ ತಿದ್ದುತ್ತಿದ್ದೇನೆ. ನಾನು ಸೇರಿಸಿದ್ದ ‘ಬಾನುಲಿ’ಗಳನ್ನು ತೆಗೆದು ‘ರೇಡಿಯೋ’ ಮಾಡಿದೆ. ಸಿಲೋನ್‌ಗೆ ಅದರ ರೇಡಿಯೋ ವಾಪಸ್ ಕೊಟ್ಟೆ. ಉಳಿದದ್ದು ಒಂದೇ ಮಾತು. ‘ಮೈಸೂರಿನಿಂದ ಧಾರವಾಡಕ್ಕೆ ಬಂದಾಗ ಆಕಾಶವಾಣಿ ಬಿಟ್ಟು ಬಂದೆ ಅಂತ ಅಳು ಬಂತು. ಎರಡು ಮೂರು ವರ್ಷ ಕಳೆದ ಮೇಲೆ ಇಲ್ಲಿಯ ರೇಡಿಯೋದವರೂ ಆಕಾಶವಾಣಿ ಅನ್ನೋಕೆ ಶುರು ಮಾಡಿದರು’ ಅಂತ ಅತ್ತೆ ಹೇಳಿದ್ದರು. ಇದಕ್ಕೆ ಅಡಿಟಿಪ್ಪಣಿ ಹಾಕಲಾ, ಹಾಗೇ ಬಿಡಲಾ? ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.